ಕೃತಜ್ಞತೆಯ ದಿನವೂ ಉಪವಾಸದ ದಿನವೂ

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೇರಿಕ ದೇಶದಲ್ಲಿ ಕಚೇರಿಗಳಿಗೂ ಶಾಲೆಗಳಿಗೂ ರಜೆ. ಅಂದು ಅಲ್ಲಿಯವರು ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬವನ್ನು ಆಚರಿಸುತ್ತಾರೆ. ಅಲ್ಲಿಂದ ಕ್ರಿಸ್ತಜಯಂತಿ ಕಳೆದು ಹೊಸ ವರ್ಷ ಬರುವವರೆಗಿನ ಐದಾರು ವಾರಗಳು ಅವರಿಗೆ ಹಬ್ಬದ ಕಾಲ. ನಮ್ಮ ನಾಡಿನ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ಆ ದೇಶದಲ್ಲಿ ವೈದ್ಯರೂ ಎಂಜಿನಿಯರರೂ ಆಗಿರುವವರು ಅನೇಕರು. ಅವರ ಮನೆಗಳಲ್ಲಿಯೂ ಅಂದು ಬಂಧುಮಿತ್ರರು ಕೂಡುವುದುಂಟು. ಈ ಹಬ್ಬದಲ್ಲಿ ನಾವು ಪಾಲುಗೊಳ್ಳಬಹುದೆ ಎಂದು ಕೇಳುವವರೂ ಇದ್ದಾರೆ. ಉಪಕಾರವನ್ನು ನೆನೆಯುವುದಕ್ಕೆ ದೇಶವೇನು, ಭಾಷೆಯೇನು? ಪಾಲುಗೊಳ್ಳಬಹುದೆಂದೇ ನಮ್ಮ ಉತ್ತರ. ಆದರೆ ಸದ್ಭಕ್ತರೆ, ಒಂದು ಹಬ್ಬವನ್ನು ಸ್ವೀಕರಿಸುವವನು ಅದರ ಚರಿತ್ರೆಯನ್ನೂ ಸ್ವೀಕರಿಸಬೇಕಾಗುತ್ತದೆ. ಈ ಹಬ್ಬಕ್ಕೆ ಒಂದು ಅವಳಿ ಇತ್ತೆಂಬುದನ್ನು ಅಲ್ಲಿಯ ಜನರೇ ಇಂದು ಬಹುಮಟ್ಟಿಗೆ ಮರೆತಿದ್ದಾರೆ.

1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ 102 ಮಂದಿ ಆಂಗ್ಲ ಪ್ರಯಾಣಿಕರು ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂದಿನ ಮ್ಯಾಸಚೂಸೆಟ್ಸ್ ತೀರದಲ್ಲಿ ಇಳಿದರು. ಧರ್ಮಾಚರಣೆಯಲ್ಲಿ ಇಂಗ್ಲೆಂಡಿನ ಪ್ರಭುತ್ವದೊಡನೆ ಭಿನ್ನಾಭಿಪ್ರಾಯವಿದ್ದ ಪಂಥದವರು ಅವರಲ್ಲಿ ಮುಖ್ಯರು. ಇಳಿದದ್ದು ಚಳಿಗಾಲದ ಬಾಗಿಲಲ್ಲಿ. ವಸಂತ ಬರುವಷ್ಟರಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಜನ ರೋಗಕ್ಕೂ ಚಳಿಗೂ ಬಲಿಯಾಗಿದ್ದರು. ಉಳಿದವರಿಗೆ ಆ ನೆಲದ ಬೇಸಾಯ ತಿಳಿಯದು.

ಅವರಿಗೆ ಅನ್ನದ ದಾರಿ ತೋರಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. ಈತನ ಕಥೆ ಕರುಣಾಜನಕವಾದುದು. 1614ರಲ್ಲಿ ಒಬ್ಬ ಆಂಗ್ಲ ನಾವಿಕ ಇವನನ್ನು ಅಪಹರಿಸಿ ಸ್ಪೇನ್ ದೇಶಕ್ಕೆ ಕೊಂಡೊಯ್ದು ಮಾರಲೆತ್ನಿಸಿದನು. ಅಲ್ಲಿಂದ ಹೇಗೋ ಇಂಗ್ಲೆಂಡನ್ನು ಸೇರಿ, ಆಂಗ್ಲ ಭಾಷೆಯನ್ನು ಕಲಿತು, 1619ರಲ್ಲಿ ತನ್ನ ಊರಿಗೆ ಮರಳಿದಾಗ ಊರೇ ಇರಲಿಲ್ಲ. ಪರದೇಶದಿಂದ ಬಂದ ಸಾಂಕ್ರಾಮಿಕ ರೋಗ ಇಡೀ ಊರನ್ನು ನುಂಗಿಹಾಕಿತ್ತು. ಆ ಹಾಳೂರಿನ ಮೇಲೆಯೇ ಆಂಗ್ಲರು ತಮ್ಮ ಪ್ಲಿಮತ್ ಗ್ರಾಮವನ್ನು ಕಟ್ಟಿಕೊಂಡಿದ್ದರು. ತನ್ನನ್ನು ಮಾರಹೊರಟವರ ಜನಾಂಗಕ್ಕೆ ಆತನು, ಮೀನನ್ನು ಗೊಬ್ಬರವಾಗಿ ಹೂತು ಮೆಕ್ಕೆಜೋಳ ಬಿತ್ತುವ ಕ್ರಮವನ್ನು ಕಲಿಸಿದನು. ವಾಂಪನೋವಾಗ್ ಜನರ ಮುಖಂಡನಾದ ಮಸ್ಸಸೋಯಿಟ್ 1621ರ ಮಾರ್ಚ್‌ನಲ್ಲಿ ಆಂಗ್ಲರೊಡನೆ ಒಪ್ಪಂದ ಮಾಡಿಕೊಂಡನು. ಅದು ಅವನ ಆಯುಷ್ಯವಿಡೀ ಉಳಿಯಿತು.

ಆ ವರ್ಷದ ಸುಗ್ಗಿಯಾದ ಮೇಲೆ ನಡೆದ ಊಟವೇ ಮುಂದೆ ಹಬ್ಬದ ಮೂಲವೆಂದು ಹೆಸರಾಯಿತು. ಎಡ್ವರ್ಡ್ ವಿನ್ಸ್ಲೋ ಎಂಬಾತ 1621ರ ಡಿಸೆಂಬರ್‌ನಲ್ಲಿ ಬರೆದ ಪತ್ರವೊಂದು ಇದಕ್ಕೆ ಮುಖ್ಯ ಆಧಾರ. ಮಸ್ಸಸೋಯಿಟ್ ತನ್ನ ಸುಮಾರು 90 ಮಂದಿ ಗಂಡಸರೊಡನೆ ಬಂದನು, ಐದು ಜಿಂಕೆಗಳನ್ನು ತಂದುಕೊಟ್ಟನು, ಮೂರು ದಿನ ಔತಣ ನಡೆಯಿತು. ಆಂಗ್ಲರ ಪಾಳೆಯದಲ್ಲಿ ಬದುಕುಳಿದ ವಿವಾಹಿತ ಸ್ತ್ರೀಯರು ಆಗ ನಾಲ್ವರೇ. ಅಷ್ಟು ಜನಕ್ಕೆ ಅಟ್ಟವರು ಯಾರೆಂದು ಪತ್ರ ಹೇಳುವುದಿಲ್ಲ. ಚರಿತ್ರೆ ಉಂಡವರ ಹೆಸರನ್ನು ಬರೆದಷ್ಟು ಅಡಿಗೆಯವರ ಹೆಸರನ್ನು ಬರೆಯುವುದಿಲ್ಲ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಈ ಔತಣವನ್ನು ಆ ಜನ ಕೃತಜ್ಞತಾದಿನವೆಂದು ಕರೆದಂತೆ ವಿನ್ಸ್ಲೋವಿನ ಪತ್ರದಲ್ಲಿ ಕಾಣದು. ಅವರ ಮತದಲ್ಲಿ ಕೃತಜ್ಞತಾದಿನವೆಂದರೆ ಪ್ರಾರ್ಥನಾಮಂದಿರದಲ್ಲಿ ಕಳೆಯುವ ದಿನ. ಪ್ಲಿಮತ್‌ನಲ್ಲಿ ಆ ಹೆಸರಿಗೆ ತಕ್ಕ ದಿನ ಬಂದದ್ದು 1623ರಲ್ಲಿ. ಆ ಬೇಸಗೆಯಲ್ಲಿ ಮೇ ತಿಂಗಳಿಂದ ಜುಲೈ ನಡುವಿನವರೆಗೆ ಮಳೆ ಇಲ್ಲದೆ ಪೈರು ಬಾಡಿತು. ಜನರೆಲ್ಲ ಒಂದು ದಿನವನ್ನು ಗೊತ್ತುಮಾಡಿ ಉಪವಾಸವಿದ್ದು ಪ್ರಾರ್ಥಿಸಿದರು. ಮಳೆ ಬಂತು. ಬಳಿಕ ಇನ್ನೊಂದು ದಿನವನ್ನು ಕೃತಜ್ಞತೆಗಾಗಿ ಮೀಸಲಿಟ್ಟರು. ಮುಂದೆ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಇದು ರೂಢಿಯಾಗಿ ನಿಂತಿತು: ವಸಂತದಲ್ಲಿ ಬಿತ್ತನೆಯ ಕಾಲಕ್ಕೆ ಉಪವಾಸದ ದಿನ, ಶರತ್ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಕೃತಜ್ಞತೆಯ ದಿನ. ಬೇಡುವಾಗ ಹಸಿದಿರಬೇಕು, ಪಡೆದಾಗ ಹಂಚಿ ಉಣ್ಣಬೇಕು ಎಂಬ ಈ ಕಟ್ಟಳೆ, ಶ್ರಾವಣದ ನೇಮವನ್ನೂ ದಾಸೋಹವನ್ನೂ ಬಲ್ಲ ನಮಗೆ ಅಪರಿಚಿತವೇನಲ್ಲ.

ಅವಳಿಗಳಲ್ಲಿ ಒಂದು ಬೆಳೆಯಿತು, ಇನ್ನೊಂದು ಸೊರಗಿತು. ಬೆಳೆಸಿದವರಲ್ಲಿ ಅಗ್ರಗಣ್ಯಳು ಸಾರಾ ಜೋಸೆಫಾ ಹೇಲ್. ನಮ್ಮ ಶಾಲಾಮಕ್ಕಳು ಕೂಡ ಬಾಯಿಪಾಠ ಮಾಡುವ ಮೇರಿಯ ಕುರಿಮರಿಯ ಪದ್ಯವನ್ನು ಬರೆದವಳು ಈಕೆಯೇ. 1822ರಲ್ಲಿ ವಿಧವೆಯಾಗಿ, ಐವರು ಮಕ್ಕಳನ್ನು ಲೇಖನಿಯ ಬಲದಿಂದ ಸಾಕಿದ ಧೀರೆ. ಮಹಿಳೆಯರ ಪ್ರಸಿದ್ಧ ಪತ್ರಿಕೆಯೊಂದರ ಸಂಪಾದಕಿಯಾಗಿ 1837ರಿಂದ 1877ರವರೆಗೆ ದುಡಿದಳು. ಕೃತಜ್ಞತೆಯ ದಿನವನ್ನು ಇಡೀ ರಾಷ್ಟ್ರ ಒಂದೇ ದಿನ ಆಚರಿಸಬೇಕೆಂದು 1846ರಿಂದ ರಾಜ್ಯಪಾಲರಿಗೂ ಅಧ್ಯಕ್ಷರಿಗೂ ಪತ್ರ ಬರೆಯುತ್ತ ಬಂದಳು. 17 ವರ್ಷಗಳ ಅನಂತರ, ದೇಶ ಅಂತರ್ಯುದ್ಧದ ಉರಿಯಲ್ಲಿ ಬೇಯುತ್ತಿದ್ದಾಗ, ಅಬ್ರಹಾಂ ಲಿಂಕನ್ 1863ರ ಅಕ್ಟೋಬರ್ 3ರಂದು ನವೆಂಬರ್ ತಿಂಗಳ ಕೊನೆಯ ಗುರುವಾರವನ್ನು ಅದಕ್ಕಾಗಿ ಘೋಷಿಸಿದನು. ಗೆಟ್ಟಿಸ್ಬರ್ಗ್ ಕದನ ನಡೆದು ಮೂರೇ ತಿಂಗಳಾಗಿತ್ತು. ಕೃತಜ್ಞತೆ ಸುಖದ ದಿನಗಳ ಅಲಂಕಾರವಲ್ಲ, ಸಂಕಟದಲ್ಲಿ ಮನಸ್ಸನ್ನು ನೆಟ್ಟಗೆ ನಿಲ್ಲಿಸುವ ಊರುಗೋಲು ಎಂಬ ಅರಿವು ಆ ಘೋಷಣೆಯ ಹಿಂದೆ ಇತ್ತೆಂದು ನಾವು ಭಾವಿಸುತ್ತೇವೆ.

ಉಪವಾಸದ ದಿನವನ್ನು ಮ್ಯಾಸಚೂಸೆಟ್ಸ್ 1894ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಅದು ಬರಿಯ ವಿಹಾರದ ರಜೆಯಾಗಿ ಹೋಗಿತ್ತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಹೆಸರು ಮಾತ್ರ 1991ರವರೆಗೆ ಉಳಿದಿತ್ತು. ಇತ್ತ ಔತಣದ ದಿನಕ್ಕೆ ವ್ಯಾಪಾರಿಗಳ ದೃಷ್ಟಿ ತಾಗಿತು. 1939ರಲ್ಲಿ, ಕ್ರಿಸ್ತಜಯಂತಿಯ ಮಾರಾಟಕ್ಕೆ ಒಂದು ವಾರ ಹೆಚ್ಚು ಸಿಗಲೆಂದು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಹಿಂದಕ್ಕೆ ಎಳೆದನು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಎರಡೂ ದಿನ ಆಚರಿಸಿದ ರಾಜ್ಯಗಳೂ ಇದ್ದವು! 1941ರ ಡಿಸೆಂಬರ್‌ನ ಶಾಸನದಿಂದ ನಾಲ್ಕನೆಯ ಗುರುವಾರ ಖಾಯಂ ಆಯಿತು.

ಉಪವಾಸವನ್ನು ಕಳೆದುಕೊಂಡ ಔತಣದ ಗತಿಯನ್ನು ವೈದ್ಯರು ತೂಗಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 195 ಮಂದಿ ಅಮೇರಿಕನರ ತೂಕವನ್ನು ವರ್ಷದುದ್ದಕ್ಕೂ ಅಳೆಯಲಾಯಿತು. ಹಬ್ಬದ ಆ ವಾರಗಳಲ್ಲಿ ಸರಾಸರಿ ಏರಿದ್ದು 370 ಗ್ರಾಂ ಮಾತ್ರ. ಇಷ್ಟೇನೆ ಎಂದು ನಗುವಂತಿಲ್ಲ. ಏರಿದ್ದು ಮುಂದಿನ ವಸಂತದಲ್ಲಿಯೂ ಬೇಸಗೆಯಲ್ಲಿಯೂ ಇಳಿಯಲಿಲ್ಲ. ವರ್ಷ ವರ್ಷ ಕೂಡುತ್ತ ಹೋದರೆ ನಡುವಯಸ್ಸಿಗೆ ಅದೇ ರೋಗದ ಮೂಟೆ. ವಸಂತದ ಉಪವಾಸ ಇದ್ದ ಕಾಲಕ್ಕೆ ಆ ಲೆಕ್ಕ ಎಷ್ಟರ ಮಟ್ಟಿಗೆ ಸರಿಹೋಗುತ್ತಿತ್ತೋ ಯಾರೂ ಅಳೆಯಲಿಲ್ಲ. ಆದರೆ ಆ ದಿನವನ್ನು ಇಟ್ಟವರು ಅವಿವೇಕಿಗಳಾಗಿರಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಸುರಿಯುವ ನಮ್ಮ ಭಕ್ತರೂ ಇದನ್ನು ಬೇರೆಯವರ ಮಾತೆಂದು ಓದಬಾರದು.

ಇದಕ್ಕೆ ಎದುರಾಗಿ ಇನ್ನೊಂದು ಅಧ್ಯಯನವುಂಟು. 2003ರಲ್ಲಿ ಎಮನ್ಸ್ ಮತ್ತು ಮೆಕಲ್ಲಾ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ತಮಗೆ ಒದಗಿದ ಉಪಕಾರಗಳನ್ನು ಐದರವರೆಗೆ ಬರೆದಿಟ್ಟಿತು. ಇನ್ನೊಂದು ಗುಂಪು ಕಿರುಕುಳಗಳನ್ನು ಬರೆಯಿತು. ಉಪಕಾರ ನೆನೆದವರಲ್ಲಿ ದೇಹದ ಬೇನೆಯ ದೂರು ಕಡಮೆ, ವ್ಯಾಯಾಮಕ್ಕೆ ಕೊಟ್ಟ ಹೊತ್ತು ಹೆಚ್ಚು. ವ್ಯಾಯಾಮ ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತನ್ನ ದೇಹವೂ ಪಡೆದದ್ದೇ ಎಂದು ತಿಳಿದವನು ಅದನ್ನು ಕೆಡಿಸಲು ಹಿಂಜರಿಯುವುದು ಸಹಜ.

ಆದರೆ ಐದು ಉಪಕಾರಗಳನ್ನು ಬರೆಯಲು ಕುಳಿತ ಅಮೇರಿಕನ್, ತನ್ನ ಹಬ್ಬದ ಮಟ್ಟಿಗಾದರೂ, ಮಸ್ಸಸೋಯಿಟ್‌ನ ಹೆಸರನ್ನು ಎಷ್ಟನೆಯದಾಗಿ ಬರೆಯುತ್ತಾನೆ? ಉಂಡ ಮನೆಯ ಜಂತೆ ಎಣಿಸುವುದು ಎಂದು ನಮ್ಮಲ್ಲಿ ಒಂದು ಮಾತಿದೆ. ಮಸ್ಸಸೋಯಿಟ್ ತೀರಿಕೊಂಡ ಬಳಿಕ ಆಂಗ್ಲರ ನೆಲದಾಹ ಬೆಳೆದು 1675ರಲ್ಲಿ ಯುದ್ಧವಾಯಿತು. ಆತನ ಮಗ ಮೆಟಕಾಮ್ 1676ರ ಆಗಸ್ಟ್‌ನಲ್ಲಿ ಕೊಲ್ಲಲ್ಪಟ್ಟನು. ಪ್ಲಿಮತ್‌ನಲ್ಲಿ ಕೃತಜ್ಞತಾದಿನ ನಡೆದಿದ್ದಾಗಲೇ ಅವನ ತಲೆಯನ್ನು ಊರಿಗೆ ತಂದು ಕಂಬಕ್ಕೇರಿಸಿದರು. ಅದು ವರ್ಷಗಟ್ಟಲೆ ಅಲ್ಲಿಯೇ ಇತ್ತು. ತಂದೆ ಜಿಂಕೆ ತಂದುಕೊಟ್ಟು ಉಂಡುಹೋದ ಊರು ಅದು.

1970ರಲ್ಲಿ, ಮೇಫ್ಲವರ್ ಬಂದ 350ನೆಯ ವರ್ಷದ ಔತಣಕೂಟದಲ್ಲಿ ಮಾತನಾಡಲು ವಾಂಪನೋವಾಗ್ ಜನರ ವಾಂಸುಟ್ಟ ಫ್ರಾಂಕ್ ಜೇಮ್ಸ್ ಅವರನ್ನು ಕರೆದರು. ಅವರು ಬರೆದ ಭಾಷಣದಲ್ಲಿ ಈ ಚರಿತ್ರೆಯೆಲ್ಲ ಇತ್ತು. ಸಂಘಟಕರು ಅದನ್ನು ಒಪ್ಪದೆ ಬೇರೊಂದನ್ನು ಓದಲು ಹೇಳಿದರು, ಅವರು ನಿರಾಕರಿಸಿದರು. ಆ ವರ್ಷದ ಹಬ್ಬದ ದಿನವೇ ಪ್ಲಿಮತ್‌ನ ಕೋಲ್ಸ್ ಗುಡ್ಡದ ಮೇಲೆ ಮೂಲನಿವಾಸಿಗಳು ನೆರೆದು ಅದನ್ನು ಶೋಕದಿನವೆಂದು ಸಾರಿದರು. ಅಂದಿನಿಂದ ಪ್ರತಿ ವರ್ಷ ಅದೇ ಗುರುವಾರ ಅವರು ಅಲ್ಲಿ ಸೇರುತ್ತಾರೆ; ಅವರಲ್ಲಿ ಅನೇಕರು ಅಂದು ಉಪವಾಸವಿರುತ್ತಾರೆ. ಊರಿನ ಮನೆಗಳಲ್ಲಿ ಒಲೆ ಉರಿಯುತ್ತಿರುವ ಹೊತ್ತಿಗೆ ಗುಡ್ಡದ ಮೇಲೆ ಹಸಿದವರ ಸಭೆ ನಡೆದಿರುತ್ತದೆ. 1921ರಲ್ಲಿ ನಿಲ್ಲಿಸಿದ ಮಸ್ಸಸೋಯಿಟ್‌ನ ಕಂಚಿನ ಪ್ರತಿಮೆ ಇರುವುದೂ ಅದೇ ಗುಡ್ಡದಲ್ಲಿ, ಹಡಗು ಬಂದ ಸಮುದ್ರದ ಕಡೆಗೆ ಮುಖ ಮಾಡಿ.