ವಿಶ್ವಕಿರಣ, ಸೌರ ಚಟುವಟಿಕೆ ಮತ್ತು ಹವಾಮಾನ

ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಬಂದು ವಾಯುಮಂಡಲಕ್ಕೆ ಅಪ್ಪಳಿಸುವ ಅತಿವೇಗದ ಕಣಗಳು, ಬಹುಪಾಲು ಪ್ರೋಟಾನುಗಳು. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಗಳ ಆವರ್ತದಲ್ಲಿ ಏರಿಳಿಯುತ್ತದೆ. ಏರಿದಾಗ ಸೌರಮಾರುತದ ಕಾಂತಕ್ಷೇತ್ರ ಈ ಕಣಗಳನ್ನು ತಡೆಯುತ್ತದೆ, ಇಳಿದಾಗ ಹೆಚ್ಚು ಕಣಗಳು ಒಳನುಗ್ಗುತ್ತವೆ. ಈ ಕಣಗಳು ಗಾಳಿಯಲ್ಲಿ ಅಯಾನುಗಳನ್ನು ಹುಟ್ಟಿಸಿ ಮೋಡಗಟ್ಟಲು ನೆರವಾಗುತ್ತವೆ, ವಿಶ್ವಕಿರಣ ತಗ್ಗಿದರೆ ಮೋಡವೂ ತಗ್ಗಿ ನೆಲ ಕಾಯುತ್ತದೆ ಎಂಬ ವಾದವನ್ನು 1997ರಲ್ಲಿ ಡೆನ್ಮಾರ್ಕಿನ ಸ್ವೆನ್ಸ್‌ಮಾರ್ಕ್ ಮತ್ತು ಫ್ರೀಸ್-ಕ್ರಿಸ್ಟೆನ್ಸೆನ್ ಮುಂದಿಟ್ಟರು. ಕರ್ನಾಟಕದಲ್ಲಿ ಇದಕ್ಕೆ ದನಿ ಕೊಟ್ಟವರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ (1932–2017). ವಿಕ್ರಮ್ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳನ್ನೇ ಅಭ್ಯಸಿಸಿ, ಮುಂದೆ ಇಸ್ರೋ ಅಧ್ಯಕ್ಷರಾದ ಅವರು, ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯ 2011ರ ಲೇಖನದಲ್ಲಿ, 150 ವರ್ಷಗಳಲ್ಲಿ ವಿಶ್ವಕಿರಣ ಸುಮಾರು ಶೇ. 9ರಷ್ಟು ತಗ್ಗಿರುವುದರಿಂದ ತಾಪಮಾನ ಏರಿಕೆಯಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲನ್ನು ಮರುಲೆಕ್ಕ ಹಾಕಬೇಕೆಂದರು.

ಪ್ರಶ್ನೆ ನ್ಯಾಯವಾದದ್ದು, ಆದರೆ ಲೆಕ್ಕ ನಿಲ್ಲಲಿಲ್ಲ. 1950ರ ದಶಕದಿಂದ ನ್ಯೂಟ್ರಾನ್ ಮಾಪಕಗಳು ನೇರವಾಗಿ ಅಳೆದ ವಿಶ್ವಕಿರಣದಲ್ಲಿ 11 ವರ್ಷಗಳ ಏರಿಳಿತ ಸ್ಪಷ್ಟ, ಸತತ ಇಳಿಕೆ ಮಾತ್ರ ಕಾಣುವುದಿಲ್ಲ. 2009ರಲ್ಲಿ ವಿಶ್ವಕಿರಣ ದಾಖಲೆಯ ಮಟ್ಟಕ್ಕೇರಿತು. ವಾದದಂತೆ ಭೂಮಿ ತಣಿಯಬೇಕಿತ್ತು, ತಣಿಯಲಿಲ್ಲ. ಜಿನೀವಾದ ಸರ್ನ್ ಸಂಸ್ಥೆಯ 'ಕ್ಲೌಡ್' ಪ್ರಯೋಗ ಅಯಾನುಗಳು ಸೂಕ್ಷ್ಮಕಣಗಳ ಹುಟ್ಟಿಗೆ ನೆರವಾಗುವುದನ್ನು ತೋರಿಸಿದ್ದು ನಿಜ. ಆದರೆ ಆ ಕಣ ಬೆಳೆದು ಮೋಡದ ಹನಿಗೆ ಬೀಜವಾಗುವ ಹಾದಿ ಉದ್ದ. ಕಾರವಾರ–ಅಂಕೋಲೆಯ ಕಡಲ ಮೇಲಿನ ಗಾಳಿಯಲ್ಲಂತೂ ತೆರೆಗಳು ಚಿಮ್ಮಿಸಿದ ಉಪ್ಪಿನ ಕಣಗಳೇ ಅಂಥ ಬೀಜಗಳಾಗಿ ಸಿದ್ಧವಿರುತ್ತವೆ.

ಹಾಗಾದರೆ ಹಳೆಯ ಮಳೆಯಲ್ಲಿ ಸೂರ್ಯನ ಕೈ ಕಾಣುತ್ತದಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ಇದನ್ನು ಒರೆಗೆ ಹಚ್ಚಬಲ್ಲ ಕಲ್ಲೊಂದು ಸಿಕ್ಕಿದೆ. ಅಕಳಗವಿಯಲ್ಲಿ ಸುಣ್ಣ ಕರಗಿಸಿಕೊಂಡ ಮಳೆನೀರು ತೊಟ್ಟಿಕ್ಕಿ, ವರ್ಷಕ್ಕೊಂದು ಪದರವಾಗಿ ಬೆಳೆದ ಸುಣ್ಣದ ಕಂಬದ 331 ವರ್ಷಗಳ ದಾಖಲೆಯನ್ನು ಯಾದವ, ರಮೇಶ್ ಮತ್ತು ಪಂತ್ 2004ರಲ್ಲಿ ಪ್ರಕಟಿಸಿದರು. ಮಳೆ ಹೆಚ್ಚಿದ ವರ್ಷದ ಪದರದಲ್ಲಿ ಭಾರದ ಆಮ್ಲಜನಕ ಕಡಿಮೆ. ಅದರ ಹಳೆಯ ಪದರಗಳು ಸೌರಕಲೆಗಳು ವಿರಳವಾಗಿದ್ದ ಮೌಂಡರ್ ಕಾಲಕ್ಕೆ (1645–1715) ಸೇರಿದವು. ಆದರೂ ಕಲ್ಲು ಹೇಳುವುದು ಎಷ್ಟು ಮಳೆ ಬಂತೆಂದು. ಅದಕ್ಕೆ ಬಿಸಿಲು ಕಾರಣವೋ, ನೇರಳಾತೀತ ಕಿರಣವೋ, ವಿಶ್ವಕಿರಣವೋ ಎಂದಲ್ಲ. ಸೂರ್ಯ ಮುಂಗಾರನ್ನು ಅಷ್ಟಿಷ್ಟು ಅಲುಗಿಸಿರಬಹುದು. 1980ರ ದಶಕದಿಂದೀಚೆಗೆ ಅವನ ಚಟುವಟಿಕೆ ಇಳಿಮುಖವಾಗಿದ್ದರೂ ಏರುತ್ತಲೇ ಇರುವ ತಾಪಮಾನದ ಹೊಣೆಯನ್ನು ಅವನ ಮೇಲೆ ಹೊರಿಸಲಾಗದು.