ವಿದ್ಯಾರ್ಥಿ ಕ್ರೀಡಾಪಟುಗಳಿಗೆ ಶೈಕ್ಷಣಿಕ ನೆರವು, ಅಮೆರಿಕ

ಕಾಲೇಜು ತಂಡಗಳಲ್ಲಿ ಆಡುವವರ ಓದು ಹಿಂದೆ ಬೀಳದಂತೆ ಅಮೆರಿಕದ ವಿಶ್ವವಿದ್ಯಾಲಯಗಳು ನಡೆಸುವ ವ್ಯವಸ್ಥೆ. ಬಿಡಿಯಾಗಿ ಪಾಠ ಹೇಳಿಕೊಡುವವರು, ಕೋರ್ಸ್ ಆಯ್ಕೆಗೆ ಸಲಹೆಗಾರರು, ಹಾಜರಿ ಹಾಕಬೇಕಾದ ಓದಿನ ಕೊಠಡಿ ಇದರಲ್ಲಿ ಸೇರುತ್ತವೆ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ 1991ರಲ್ಲಿ ತನ್ನ ಅತ್ಯುನ್ನತ ಹಂತವಾದ ಪ್ರಥಮ ವಿಭಾಗದ ಸಂಸ್ಥೆಗಳಿಗೆ ಇದನ್ನು ಕಡ್ಡಾಯ ಮಾಡಿತು.

ಈ ವಿಭಾಗದ ಅರ್ಹತಾ ನಿಯಮ ಬಿಗಿಯಾದದ್ದು. ಪದವಿಗೆ ಬೇಕಾದ ಓದಿನಲ್ಲಿ ಮೂರನೇ ವರ್ಷದ ಆರಂಭಕ್ಕೆ ಶೇ. 40, ನಾಲ್ಕನೆಯದಕ್ಕೆ ಶೇ. 60, ಐದನೆಯದಕ್ಕೆ ಶೇ. 80 ಮುಗಿದಿರಬೇಕು. ಆಟಗಾರರು ಅರ್ಹತೆ ಉಳಿಸಿಕೊಂಡು ಓದು ಮುಂದುವರಿಸುತ್ತಿದ್ದಾರೆಯೇ ಎಂದು ಅಳೆಯುವ, ತಂಡದ ಶೈಕ್ಷಣಿಕ ಪ್ರಗತಿ ದರದ ನಾಲ್ಕು ವರ್ಷಗಳ ಸರಾಸರಿ 1000ಕ್ಕೆ 930ಕ್ಕಿಂತ ಇಳಿದರೆ ಋತುವಿನ ಕೊನೆಯ ಪಂದ್ಯಾವಳಿಯೇ ಕೈತಪ್ಪುತ್ತದೆ.

ಹಾಗಾಗಿ ಕಲಿಸುವುದನ್ನು ಬಿಟ್ಟು ಹೇಗಾದರೂ ಪಾಸು ಮಾಡಿಸುವ ಆಸೆ ಹುಟ್ಟುತ್ತದೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಸುಮಾರು 18 ವರ್ಷ ಪಾಠವೇ ನಡೆಯದ ಕೋರ್ಸ್‌ಗಳಿದ್ದವು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಅವುಗಳಿಗೆ ಸೇರಿದ್ದರೆಂದು 2014ರ ತನಿಖಾ ವರದಿ ಹೇಳಿತು. ಅವರಲ್ಲಿ ಅರ್ಧದಷ್ಟು ಮಂದಿ ಕ್ರೀಡಾಪಟುಗಳು. ನೆರವಿಗೆಂದೇ ನೇಮಕವಾದ ಕೆಲವು ಸಲಹೆಗಾರರು ಅವರನ್ನು ಅಲ್ಲಿಗೆ ಕಳಿಸಿದ್ದರು. ಇದು ಆ ಮಕ್ಕಳ ಓದಿನ ಹಕ್ಕನ್ನೇ ಕಸಿದ ಅನ್ಯಾಯ. ಇಂಥದ್ದನ್ನು ತಡೆಯಲು ಸಲಹೆಗಾರರನ್ನು ಕ್ರೀಡಾ ವಿಭಾಗದ ಹಿಡಿತದಿಂದ ಬಿಡಿಸಿ ಶೈಕ್ಷಣಿಕ ಆಡಳಿತದ ಕೆಳಗೆ ಇಡುವ ಏರ್ಪಾಡು ಹಲವು ವಿಶ್ವವಿದ್ಯಾಲಯಗಳಲ್ಲಿದೆ.