ಕಂಬಳಿಯೂ ಹೆಣಿಗೆಯೂ: ಉಣ್ಣೆಯ ಎರಡು ಚರಿತ್ರೆಗಳು

ಧನುರ್ಮಾಸದ ಬೆಳಗಿನ ಝಾವದಲ್ಲಿ ತ್ರಿಪ್ಲಿಕೇನಿನ, ಅರ್ಥಾತ್ ತಿರುವಲ್ಲಿಕ್ಕೇಣಿಯ, ಪಾರ್ಥಸಾರಥಿ ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆದುಹೋಗುವವರಿಗೆ ಉಣ್ಣೆಯ ಒಂದು ಸಣ್ಣ ಪ್ರದರ್ಶನವೇ ಕಾಣಸಿಗುತ್ತದೆ. ದೇವರ ದರ್ಶನಕ್ಕೆ ಹೊರಟ ವೃದ್ಧರ ಕತ್ತಿನಲ್ಲಿ ಮಫ್ಲರು, ತಲೆಯ ಮೇಲೆ ಮಂಕಿ ಟೋಪಿ. ಕಂಕುಳಿನ ಕೂಸಿಗೆ ಉಲ್ಲನ್ನಿನ ಕುಲಾವಿ. ಆ ಹೊತ್ತಿನ ಉಷ್ಣಮಾನವೋ, ಸಾಮಾನ್ಯವಾಗಿ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಮಡಿಕೇರಿಯವರು ಇದನ್ನು ಕಂಡರೆ ನಕ್ಕಾರು. ಇದೇ ತ್ರಿಪ್ಲಿಕೇನಿನ ಕಡಲಂಚಿನಲ್ಲಿ ಬಾಸ್ಟನ್ನಿನ ವರ್ತಕ ಫ್ರೆಡರಿಕ್ ಟ್ಯೂಡರನು 1842ರಲ್ಲಿ ಕಟ್ಟಿಸಿದ ಐಸ್ ಹೌಸ್ ಇಂದಿಗೂ ನಿಂತಿದೆ. ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತರಿಸಿಕೊಂಡು ತಣಿದ ಊರು, ಚಳಿಯ ಉಡುಪನ್ನೂ ಹಾಗೆಯೇ ಹೊರಗಿನಿಂದ ತರಿಸಿಕೊಂಡಿತು.

ಆದರೆ ಉಣ್ಣೆ ಈ ಊರಿನ ಕನ್ನಡ ಮನೆಗಳಿಗೆ ಮಫ್ಲರಿನೊಡನೆ ಬಂದುದಲ್ಲ. ಅದಕ್ಕೆ ಮೊದಲೇ ಧಾಬಳಿ ಇತ್ತು. ಹತ್ತಿಯ ಬಟ್ಟೆಗೆ ಅಂಟುವ ಮೈಲಿಗೆ ಉಣ್ಣೆಗೆ ಅಂಟದೆಂಬ ಸಂಪ್ರದಾಯದಿಂದ, ಮಡಿಯ ವೇಳೆಯಲ್ಲಿ ಉಡಲು ಧಾಬಳಿಯೊಂದು ಆಚಾರವಂತರ ಮನೆಗಳಲ್ಲಿ ತಪ್ಪದೆ ಇರುತ್ತಿತ್ತು. ವೈಶಾಖದ ಬೇಗೆಯಲ್ಲಿಯೂ ಉಡುತ್ತಿದ್ದ ಈ ಉಣ್ಣೆಗೂ ಚಳಿಗೂ ಯಾವ ಸಂಬಂಧವೂ ಇರಲಿಲ್ಲ. ಇರಲಿ. ಪ್ರಸ್ತುತ ವಿಚಾರ ಚಳಿಯ ಉಡುಪು. ಅದರಲ್ಲಿಯೂ ನೆಯ್ದ ಉಣ್ಣೆಗೂ ಹೆಣೆದ ಉಣ್ಣೆಗೂ ನಡುವಣ ಅಂತರ.

ಕನ್ನಡನಾಡಿನಲ್ಲಿ ಉಣ್ಣೆಯೆಂದರೆ ಬಹುಕಾಲ ಕಂಬಳಿಯೇ. ಅದು ಕುರುಬರ ಕಸುಬು. ಕುರಿಯ ತುಪ್ಪಟವನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂತ ನೂಲನ್ನು ಗಂಡಸರು ಕುಣಿಮಗ್ಗದಲ್ಲಿ ನೆಯ್ಯುತ್ತಿದ್ದರು. ಹಾಸಿನ ನೂಲು ಬಿರುಸಾಗಿ ನಿಲ್ಲಲೆಂದು ಹುಣಸೆಬೀಜದ ಗಂಜಿಯನ್ನು ಲೇಪಿಸುವುದು ಈ ಕಸುಬಿನ ವಿಶೇಷ. ಹೀಗೆ ಸಿದ್ಧವಾದ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಮಲೆನಾಡಿನ ಮಳೆಯಲ್ಲಿ ಕೊಪ್ಪೆಯೂ ಹೌದು. ಗೊರವನ ಮೈಮೇಲೆ ಅದು ಮೈಲಾರನ ಲಾಂಛನ; ಕನಕದಾಸರ ಚಿತ್ರವನ್ನು ಕಂಬಳಿಯಿಲ್ಲದೆ ಯಾರೂ ಬರೆಯರು.

ಈ ಕಸುಬಿಗೆ ಚರಿತ್ರೆಯ ಆಧಾರಗಳು ಸಾಕಷ್ಟಿವೆ. ಕಾರಣ ಸರಳ: ಅದಕ್ಕೆ ತೆರಿಗೆ ಇತ್ತು. ಕುರಿಗೆ ಕುರಿದೆರೆ, ಮಗ್ಗಕ್ಕೆ ಮಗ್ಗದೆರೆ. ವಿಜಯನಗರ ಕಾಲದ ಶಾಸನಗಳಲ್ಲಿ ಇಂಥ ತೆರಿಗೆಗಳ ಹೆಸರುಗಳು ಬರುತ್ತವೆ. ಮುಂದೆ ಕಂಪೆನಿಯ ಆಡಳಿತ ಬಂದಾಗ, ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದರಾಸಿನಿಂದಲೇ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು. 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳಲ್ಲಿ ಕುರುಬರೂ ಅವರ ಕಂಬಳಿಗಳೂ ಸೇರಿವೆ. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕುರುಬರ ವಿಷಯ ದೀರ್ಘವಾಗಿಯೇ ಬಂದಿದೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿಯೇ ಇದ್ದುದರಿಂದ, ಅಲ್ಲಿಯ ಕುರಿಯೂ ಮಗ್ಗವೂ ಇಲ್ಲಿಯ ಸರ್ಕಾರದ ಕಡತಗಳಿಗೆ ಸೇರಿದ ವಿಷಯಗಳಾಗಿದ್ದವು.

ಹೆಣಿಗೆಯ ಕಥೆ ಬೇರೆ. ನೆಯ್ಗೆಗೆ ಹಾಸು, ಹೊಕ್ಕು ಎಂಬ ಎರಡು ನೂಲುಗಳು ಬೇಕು, ಮಗ್ಗ ಬೇಕು, ಅದನ್ನು ಹೂಡಲು ಸ್ಥಳ ಬೇಕು. ಹೆಣಿಗೆಗೆ ಒಂದೇ ನೂಲು, ಎರಡು ಕಡ್ಡಿ. ಒಂದು ಕುಣಿಕೆಯೊಳಗಿನಿಂದ ಇನ್ನೊಂದು ಕುಣಿಕೆಯನ್ನು ಎಳೆದು ತೆಗೆಯುವುದಷ್ಟೇ ಅದರ ಮರ್ಮ. ಈ ಕುಣಿಕೆಗಳ ದೆಸೆಯಿಂದಲೇ ಹೆಣೆದ ಬಟ್ಟೆ ಮೈಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಟೋಪಿಗೂ ಕಾಲುಚೀಲಕ್ಕೂ ಅದಕ್ಕಿಂತ ಒಗ್ಗುವುದು ಬೇರೊಂದಿಲ್ಲ. ಈಜಿಪ್ಟಿನಲ್ಲಿ ದೊರೆತ ಮಧ್ಯಯುಗದ ತುಣುಕುಗಳು ಈ ಕಲೆಯ ಅತಿ ಪ್ರಾಚೀನ ಸಾಕ್ಷ್ಯಗಳಲ್ಲಿ ಸೇರಿವೆ. ಅಲ್ಲಿಂದ ಯೂರೋಪಿಗೆ ಹಬ್ಬಿ, 1589ರ ವೇಳೆಗೆ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ರಚಿಸಿದನು.

ಕನ್ನಡನಾಡಿಗೆ ಕಡ್ಡಿಗಳು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಎರಡು ಹಾದಿಗಳಿಂದ. ಒಂದು ದಂಡಿನ ಹಾದಿ. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಏರ್ಪಟ್ಟ ಮೇಲೆ ಅಲ್ಲಿ ನೆಲಸಿದ ಆಂಗ್ಲ ಕುಟುಂಬಗಳಿಗೆ ಡಿಸೆಂಬರಿನ ಚಳಿಯೂ ಕ್ರಿಸ್ಮಸ್ಸಿನ ಉಡುಗೊರೆಯೂ ಜೊತೆಜೊತೆಗೇ ಬರುತ್ತಿದ್ದವು. ಇನ್ನೊಂದು, ಇದೇ ಹೆಚ್ಚು ಪ್ರಭಾವಶಾಲಿಯಾದದ್ದು, ಮಿಷನ್ ಶಾಲೆಗಳ ಹಾದಿ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹಗಳ ಪಕ್ಕದಲ್ಲಿ ಹೊಲಿಗೆ, ಹೆಣಿಗೆ, ಕ್ರೋಷಾಗಳೂ ಪಾಠಗಳಾದವು. ಮಗಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೆ ಅಕ್ಷರಕ್ಕಿಂತ ಹೊಲಿಗೆ ಹೆಚ್ಚು ನಿರಪಾಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಪದಗಳೂ ಬಟ್ಟೆಯ ಜೊತೆಗೇ ಬಂದವು: ಜೆರ್ಸಿ ಒಂದು ದ್ವೀಪದ ಹೆಸರು, ಕಾರ್ಡಿಗನ್ ಒಬ್ಬ ಸೇನಾನಿಯ ಬಿರುದು. ತ್ರಿಪ್ಲಿಕೇನಿನ ವೃದ್ಧರು ಕಿವಿ ಮುಚ್ಚುವಂತೆ ಎಳೆದುಕೊಳ್ಳುವ ಮಂಕಿ ಟೋಪಿಗೆ ಇಂಗ್ಲಿಷಿನವರು ಇಟ್ಟ ಹೆಸರು ಬಾಲಕ್ಲಾವಾ. ಅದು 1854ರ ಕ್ರಿಮಿಯಾ ಯುದ್ಧರಂಗದಲ್ಲಿ ಆಂಗ್ಲ ಸೈನಿಕರು ಚಳಿಗೆ ನಡುಗಿದ ಊರು.

ಈ ಹೊಸ ಕಲೆ ನಾಡಿನ ಕುರಿಗೆ ಏನನ್ನು ಕೊಟ್ಟಿತು? ಇದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಉತ್ತರ ಅಷ್ಟೇನೂ ಹಿತವಾದುದಲ್ಲ. ಮೆರಿನೋ ಉಣ್ಣೆಯ ಎಳೆಯ ದಪ್ಪ ಸುಮಾರು 20 ಮೈಕ್ರಾನ್. ದಖ್ಖನಿ, ಬಳ್ಳಾರಿ ತಳಿಗಳ ಎಳೆ ಅದರ ಇಮ್ಮಡಿಗೂ ಮಿಕ್ಕಿದ್ದು. ಒರಟು, ಗಿಡ್ಡ, ಕೂದಲು ಬೆರೆತದ್ದು. ಕಂಬಳಿಗೆ ಅದು ತಕ್ಕುದು: ಮಳೆಯ ನೀರು ಬೇಗ ಇಳಿಯದು, ವರ್ಷಗಟ್ಟಲೆ ಬಾಳುತ್ತದೆ. ಆದರೆ ಕೂಸಿನ ಕೆನ್ನೆಗೆ ತಾಗುವ ಟೋಪಿಗೆ ಅದು ಆಗದು. ಆದ್ದರಿಂದ ಹೆಣೆಯುವವರು ಕೊಂಡದ್ದು ಸೀಮೆಯ ನೂಲನ್ನು; ತರುವಾಯ 1876ರಲ್ಲಿ ಕಾನ್ಪುರದಲ್ಲಿಯೂ 1880ರಲ್ಲಿ ಪಂಜಾಬಿನ ಧಾರಿವಾಲದಲ್ಲಿಯೂ ಸ್ಥಾಪಿತವಾದಂಥ ಗಿರಣಿಗಳ ನೂಲನ್ನು. ಚಳ್ಳಕೆರೆಯ ಕುರುಬಿತಿ ನೂತ ನೂಲೂ ಬೆಂಗಳೂರಿನ ಗೃಹಿಣಿಯ ಕಡ್ಡಿಯೂ ಒಂದೇ ನಾಡಿನಲ್ಲಿದ್ದು ಒಂದನ್ನೊಂದು ಸಂಧಿಸಲಿಲ್ಲ. ಇತ್ತ ಕಂಬಳಿಗೂ ಗಿರಣಿಯ ಸ್ಪರ್ಧೆ ಬಂದಿತು. 1884ರಲ್ಲಿ ಆರಂಭವಾದ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯ ಆಡಳಿತವನ್ನು ಎರಡು ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪೆನಿ ವಹಿಸಿಕೊಂಡಿತು. ಅಲ್ಲಿಯ ನುಣುಪಾದ ಕಂಬಳಿ ಪೇಟೆಯ ಮನೆಗಳನ್ನು ಹೊಕ್ಕ ಮೇಲೆ ಕುರುಬರ ಕರಿಯ ಕಂಬಳಿಗೆ ಉಳಿದುದು ಹೊಲ, ಹಟ್ಟಿ ಮತ್ತು ದೇವರ ಗದ್ದುಗೆ.

ಹೆಣಿಗೆಯ ಚರಿತ್ರೆಯನ್ನು ಬರೆಯ ಹೊರಟವರಿಗೆ ಇನ್ನೊಂದು ತೊಡಕು ಉಂಟು. ಕಡ್ಡಿಗೆ ಯಾವ ಅರಸನೂ ತೆರಿಗೆ ಹಾಕಲಿಲ್ಲ, ಆದ್ದರಿಂದ ಶಾಸನವಿಲ್ಲ. ಮನೆಯ ಲೆಕ್ಕದ ಪುಸ್ತಕದಲ್ಲಿ ನೂಲಿನ ಉಂಡೆಯ ಬೆಲೆ ಸಿಕ್ಕಬಹುದು. ಅದನ್ನು ಸ್ವೆಟರಾಗಿಸಲು ಹಿಡಿದ ಹಲವು ವಾರಗಳ ದುಡಿಮೆಗೆ ಯಾವ ಕಲಮೂ ಇಲ್ಲ. ಅದು ಬಿಡುವಿನ ವಿನೋದವೆಂದು ಗಣಿತವಾಯಿತು. ಅಡಿಗೆ ಮುಗಿದು ಮಕ್ಕಳು ಮಲಗಿದ ಮೇಲಿನ ಆ ಗಳಿಗೆಗಳನ್ನು ಬಿಡುವೆಂದು ಕರೆದವರು ಹೆಣೆದವರಲ್ಲ. ಹೋಗಲಿ, ವಸ್ತುವಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ನೆಯ್ದ ಕಂಬಳಿ ಹರಿದರೆ ತುಂಡಾಗಿಯಾದರೂ ಉಳಿಯುತ್ತದೆ. ಹೆಣೆದದ್ದನ್ನು ತುದಿಯಿಂದ ಎಳೆದರೆ ಮತ್ತೆ ನೂಲು. ತಂದೆಯ ಸ್ವೆಟರು ಬಿಚ್ಚಿ ಮಗನದಾಯಿತು, ಮಗನದು ಬಿಚ್ಚಿ ಮೊಮ್ಮಗಳ ಟೋಪಿಯಾಯಿತು. ಅಸಲಿಗೆ ನಷ್ಟವಿಲ್ಲದ ಈ ಮಿತವ್ಯಯ ಗೃಹಕೃತ್ಯಕ್ಕೆ ಭೂಷಣ. ಸಂಶೋಧಕನಿಗೆ ಮಾತ್ರ ಪ್ರತಿ ತಲೆಮಾರೂ ಹಿಂದಿನದರ ಸಾಕ್ಷ್ಯವನ್ನು ತನ್ನ ಕೈಯಿಂದಲೇ ಅಳಿಸಿದಂತಾಯಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಥೆಗೆ ಯಾರೂ ಎಣಿಸದ ತಿರುವೊಂದು ಒದಗಿತು. ಟಿಬೆಟ್ಟನ್ನು ತೊರೆದು ಬಂದ ನಿರಾಶ್ರಿತರಿಗೆ 1960-61ರಲ್ಲಿ ಬೈಲುಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆ ದೊರೆಯಿತು. ಬೇಸಾಯದ ಕೆಲಸ ಮುಗಿದ ಚಳಿಗಾಲದ ತಿಂಗಳುಗಳಲ್ಲಿ ನಗರಗಳಿಗೆ ಹೋಗಿ ಸ್ವೆಟರು ಮಾರುವುದು ಅವರ ಉಪಜೀವನವಾಯಿತು. ಹಿಮದ ನಾಡಿನಿಂದ ಬಂದವರು ಚೆನ್ನೈಯ ಬೀದಿಬದಿಯಲ್ಲಿಯೂ ಉಣ್ಣೆಯ ಅಂಗಡಿ ಹೂಡಿದರು. ಸೆಕೆಯ ಊರಿನವರು ಚೌಕಾಶಿ ಮಾಡಿ ಕೊಂಡರು. ಮೊದಲ ವರ್ಷಗಳಲ್ಲಿ ಕೈಯಿಂದ ಹೆಣೆದ ಮಾಲೂ ಇರುತ್ತಿತ್ತು. ಬರಬರುತ್ತಾ ಅದರ ಸ್ಥಾನವನ್ನು ಲುಧಿಯಾನದ ಯಂತ್ರಗಳ ಮಾಲು ಆಕ್ರಮಿಸಿತು. ಅದರಲ್ಲಿಯೂ ಉಣ್ಣೆಗಿಂತ ಅಕ್ರಿಲಿಕ್ಕೇ ಹೆಚ್ಚು. ಕರ್ನಾಟಕದ ಮಣ್ಣಿನಿಂದ ಹೊರಟ ವ್ಯಾಪಾರಿಯ ಗಂಟಿನಲ್ಲಿ ಕರ್ನಾಟಕದ ಕುರಿಯ ಒಂದು ಎಳೆಯೂ ಇರಲಿಲ್ಲ.

ಆ ಕುರಿಯ ಗತಿಯಾದರೂ ಬದಲಾಗಿದೆ. ಕಂಬಳಿಗೆ ಗಿರಾಕಿ ಕಡಮೆಯಾದಂತೆ ಕುರಿಗಾಹಿಗಳು ಮಾಂಸಕ್ಕೆ ಬೆಲೆ ಬರುವ, ಉಣ್ಣೆಯಿಲ್ಲದ ತಳಿಗಳತ್ತ ಒಲಿದಿದ್ದಾರೆ. ಎಷ್ಟೋ ಕಡೆ ಕತ್ತರಿಸಿದ ದಖ್ಖನಿ ತುಪ್ಪಟ ಕೊಳ್ಳುವವರಿಲ್ಲದೆ ಬಯಲಿನಲ್ಲಿಯೇ ಬಿದ್ದಿರುತ್ತದೆ. ಕತ್ತರಿಸಿದ ಕೂಲಿಯೂ ಅದರಿಂದ ಹುಟ್ಟುವುದಿಲ್ಲ.